ಸಭೆಗೆ ಬಾರದವರು ಗೇಟಿನ ಹತ್ತಿರ ಸಿಗುತ್ತಾರೆ: ಹಿಸ್ಪ್ಯಾನಿಕ್ ಮನೆಗಳನ್ನು ಮಕ್ಕಳ ಓದಿಗೆ ಜೊತೆ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಸಂಜೆ ಆರು ಗಂಟೆಗೆ ಪೋಷಕರ ಸಭೆ ಇಟ್ಟಿದ್ದೆವು. ಟೆಕ್ಸಸ್‌ನ ಒಂದು ಪ್ರಾಥಮಿಕ ಶಾಲೆ ಅದು. ವಾರಕ್ಕೆ ಎರಡು ದಿನ ಅಲ್ಲಿ ಮಕ್ಕಳನ್ನು ಓದಿಸಲು ಹೋಗುತ್ತಿದ್ದೆ. ನಲವತ್ತು ಕುರ್ಚಿ ಹಾಕಿದ್ದೆವು, ಬಂದವರು ಆರು ಜನ. ಅದರಲ್ಲಿ ಮೂವರು ನಾವೇ! ಮುಕ್ಕಾಲು ಪಾಲು ಮಕ್ಕಳು ಸ್ಪ್ಯಾನಿಷ್ ಮಾತಾಡುವ ಮನೆಯವರು, ಆದರೆ ಆ ಮನೆಗಳಿಂದ ಒಬ್ಬರೂ ಬಂದಿರಲಿಲ್ಲ. ಕುರ್ಚಿ ಮಡಚುತ್ತಾ ಯಾರೋ "ಇವರಿಗೆ ಮಕ್ಕಳ ಓದು ಬೇಕಾಗೇ ಇಲ್ಲ" ಅಂದರು. ನಾನೂ ತಲೆ ಆಡಿಸಿದೆ, ಸುಳ್ಳು ಯಾಕೆ ಹೇಳಲಿ.

ಮಾರನೇ ದಿನ ಬೆಳಗ್ಗೆ ನನಗೆ ಗೇಟಿನ ಹತ್ತಿರ ಡ್ಯೂಟಿ. ಸಭೆಗೆ ಬಾರದವರೆಲ್ಲ ಅಲ್ಲೇ ಇದ್ದರು. ಒಬ್ಬ ತಾಯಿ ಮಗಳ ಜಡೆ ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆಯುತ್ತಿದ್ದರು. ಸಿಮೆಂಟು ಮೆತ್ತಿದ ಬೂಟಿನಲ್ಲಿ ಬಂದಿದ್ದ ಒಬ್ಬ ಅಪ್ಪ ಮಗನ ಹಣೆ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದರು. ಮಕ್ಕಳು ಒಳಗೆ ಓಡುವಾಗ ಹಿಂದಿನಿಂದ ಒಂದೇ ಮಾತು ಕೇಳುತ್ತಿತ್ತು: "ಪೋರ್ತತೆ ಬ್ಯೆನ್." ಸರಿಯಾಗಿ ನಡ್ಕೋ ಅಂತ. ಕಾಳಜಿ ಇಲ್ಲದವರು ಹೀಗೆ ಮಾಡುತ್ತಾರಾ?

ಅಮೆರಿಕದಲ್ಲಿ ಟೀಚರ್ ಆಗಿರುವ, ಪಿಟಿಎಯಲ್ಲಿ ಓಡಾಡುವ, ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2020ರ ಜನಗಣತಿಯಲ್ಲಿ ಅಲ್ಲಿ 6.2 ಕೋಟಿ ಜನ ತಾವು ಹಿಸ್ಪ್ಯಾನಿಕ್, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು ಅಂತ ಬರೆಸಿದರು. ಸರ್ಕಾರಿ ಶಾಲೆಯ ಮಕ್ಕಳಲ್ಲಿ ನಾಲ್ವರಿಗೆ ಒಬ್ಬರಿಗಿಂತ ಜಾಸ್ತಿ ಈ ಮನೆಗಳವರು. ಟೆಕ್ಸಸ್, ಕ್ಯಾಲಿಫೋರ್ನಿಯಾಗಳಲ್ಲಂತೂ ಅರ್ಧಕ್ಕಿಂತ ಜಾಸ್ತಿ. ಆದ್ದರಿಂದ ನಿಮ್ಮ ಶಾಲೆಯಲ್ಲೂ ಇವರಿದ್ದೇ ಇರುತ್ತಾರೆ.

ಹೆಜ್ಜೆ 1: "ಹಿಸ್ಪ್ಯಾನಿಕ್" ಅನ್ನೋ ಪದವನ್ನು ಮೊದಲು ಬಿಡಿಸಿ ನೋಡಿ

ನಮ್ಮನ್ನೆಲ್ಲ "ಸೌತ್ ಇಂಡಿಯನ್" ಅಂದರೆ ಎಷ್ಟು ಗೊತ್ತಾದಂತಾಯಿತೋ, ಇದೂ ಅಷ್ಟೇ. ಪೋರ್ಟೊ ರಿಕೊದವರು 1917ರಿಂದ ಅಮೆರಿಕದ ಪ್ರಜೆಗಳು. ಅವರನ್ನು "ಯಾವ ದೇಶದಿಂದ ಬಂದಿರಿ" ಅಂತ ಕೇಳಿದರೆ ಮುಖ ಗಂಟಾಗುತ್ತದೆ. ದಕ್ಷಿಣ ಟೆಕ್ಸಸ್‌ನ ಕೆಲವು ಮನೆತನಗಳು ಅಮೆರಿಕ-ಮೆಕ್ಸಿಕೊ ಯುದ್ಧ ಮುಗಿಸಿದ 1848ರ ಒಪ್ಪಂದಕ್ಕೂ ಮುಂಚಿನಿಂದ ಅಲ್ಲೇ ಇವೆ. "ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು" ಅನ್ನುತ್ತಾರೆ. ಅಂಥ ಮನೆಯ ಅಜ್ಜಿಗೆ ಇಂಗ್ಲಿಷ್ ನಿಮಗಿಂತ ಚೆನ್ನಾಗಿ ಬರಬಹುದು.

ಇನ್ನೊಂದು ಕಡೆ, ಗ್ವಾಟೆಮಾಲಾದಿಂದ ಬಂದ ಎಷ್ಟೋ ಮನೆಗಳಲ್ಲಿ ಆಡುವುದು ಸ್ಪ್ಯಾನಿಷ್ ಅಲ್ಲವೇ ಅಲ್ಲ. ಮಾಮ್, ಕಿಚೆ, ಕಾಂಜೊಬಾಲ್ ಅನ್ನೋ ಮಾಯಾ ಭಾಷೆಗಳು. ಮೆಕ್ಸಿಕೊದ ವಹಾಕದವರಾದರೆ ಮಿಶ್ತೆಕೊ, ಸಪೊತೆಕೊ. ಸ್ಪ್ಯಾನಿಷ್ ಅವರಿಗೆ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ತುಳು, ಕೊಡವ ಅಥವಾ ಲಂಬಾಣಿ ಮಾತಾಡುವ ಮಗು ಕನ್ನಡ ಶಾಲೆಗೆ ಬಂದು, ಅಲ್ಲಿ ಇಂಗ್ಲಿಷೂ ಕಲಿಯುವ ಹಾಗೆ. ಇದು ಗೊತ್ತಿಲ್ಲದೆ ಸ್ಪ್ಯಾನಿಷ್ ದುಭಾಷಿಯನ್ನು ಕೂರಿಸಿದರೆ ತಾಯಿ ಎಲ್ಲದಕ್ಕೂ "ಸೀ, ಸೀ" ಅಂತ ತಲೆ ಆಡಿಸಿ ಹೋಗುತ್ತಾರೆ. ಸಭೆ ಚೆನ್ನಾಗಾಯಿತು ಅಂತ ನೀವು ಬರೆದುಕೊಳ್ಳುತ್ತೀರಿ.

ಏನು ಮಾಡಬೇಕು? ಶಾಲೆಗೆ ಸೇರಿಸುವಾಗ ಮನೆ ಭಾಷೆಯ ಬಗ್ಗೆ ಒಂದು ಫಾರ್ಮ್ ತುಂಬಿಸುತ್ತಾರೆ. ಅದನ್ನು ನಂಬಿ ಸುಮ್ಮನಾಗಬೇಡಿ. "ಅಜ್ಜ ಅಜ್ಜಿ ಹತ್ತಿರ ಯಾವ ಭಾಷೆ ಮಾತಾಡುತ್ತೀರಿ?" ಅಂತ ಬಾಯಿಬಿಟ್ಟು ಕೇಳಿ. ನಿಜವಾದ ಉತ್ತರ ಸಿಗುವುದು ಈ ಪ್ರಶ್ನೆಗೆ. ಊರಲ್ಲಿ ಆ ಭಾಷೆಗೆ ಬೆಲೆ ಕೊಡದೆ ಹೀಯಾಳಿಸಿದ್ದರಿಂದ ಫಾರ್ಮಿನಲ್ಲಿ ಎಷ್ಟೋ ಜನ ಬರೆಯುವುದೇ ಇಲ್ಲ.

ಹೆಜ್ಜೆ 2: ಮುಂಬಾಗಿಲ ಕೌಂಟರ್ ಸರಿ ಮಾಡಿ

ಒಂದು ಮನೆ ಶಾಲೆಯನ್ನು ನಂಬುತ್ತದೋ ಇಲ್ಲವೋ ಅನ್ನುವುದು ಮೊದಲ ದಿನ, ಆಫೀಸಿನ ಕೌಂಟರಿನಲ್ಲೇ ಮುಕ್ಕಾಲು ತೀರ್ಮಾನವಾಗಿರುತ್ತದೆ.

ಮೊದಲು ಹೆಸರು. ಸ್ಪ್ಯಾನಿಷ್ ಮಾತಾಡುವವರಲ್ಲಿ ಸಾಮಾನ್ಯವಾಗಿ ಎರಡು ಮನೆತನದ ಹೆಸರಿರುತ್ತವೆ. ಮೊದಲನೆಯದು ಅಪ್ಪನ ಕಡೆಯದು, ಎರಡನೆಯದು ಅಮ್ಮನ ಕಡೆಯದು. ಮದುವೆಯಾದ ಮೇಲೂ ಹೆಂಗಸರು ತಮ್ಮ ಹೆಸರು ಇಟ್ಟುಕೊಳ್ಳುತ್ತಾರೆ. ಗಾರ್ಸಿಯಾ ಲೋಪೆಸ್ ಅಂತ ಇರುವ ಹುಡುಗನಿಗೆ ನಮ್ಮ ಕಂಪ್ಯೂಟರ್ ಕೊನೆಯ ಪದ ಹಿಡಿದು "ಲೋಪೆಸ್" ಅಂತ ಹಾಕುತ್ತದೆ. ಎರಡು ವರ್ಷದ ನಂತರ ಬಂದ ತಂಗಿಗೆ ಇನ್ನೊಬ್ಬ ಗುಮಾಸ್ತ "ಗಾರ್ಸಿಯಾ" ಅಂತ ಬರೆಯುತ್ತಾನೆ. ಅಮ್ಮನ ಹೆಸರು ಮೂರನೆಯದೇ. ಕಂಪ್ಯೂಟರಿನ ಪ್ರಕಾರ ಇದು ಮೂರು ಬೇರೆ ಮನೆ. ಸಂಜೆ ಮಗುವನ್ನು ಕರೆದುಕೊಂಡು ಹೋಗಲು ಬಂದ ತಾಯಿಗೆ "ನೀವು ಯಾರು?" ಅನ್ನೋ ಪ್ರಶ್ನೆ. ವೀಸಾ ಫಾರ್ಮಿನಲ್ಲಿ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ "ಲಾಸ್ಟ್ ನೇಮ್" ಮಾಡಿಕೊಂಡು ಇವತ್ತಿಗೂ ಒದ್ದಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಎರಡೂ ಹೆಸರು ಬರೆಯಿರಿ. ಯಾವುದು ಮೊದಲು ಅಂತ ಅವರನ್ನೇ ಕೇಳಿ.

ಎರಡನೆಯದು ಕಾಗದಪತ್ರ. 1982ರಲ್ಲಿ ಪ್ಲೈಲರ್ ವಿರುದ್ಧ ಡೋ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಲಸೆ ದಾಖಲೆ ಇಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹುಟ್ಟಿದ್ದೂ ಟೆಕ್ಸಸ್‌ನಲ್ಲೇ. ವಿಳಾಸಕ್ಕೆ, ವಯಸ್ಸಿಗೆ, ಲಸಿಕೆಗೆ ದಾಖಲೆ ಕೇಳಬಹುದು. ವಲಸೆಯ ಸ್ಥಿತಿ ಕೇಳುವುದು ಶಾಲೆಯ ಕೆಲಸ ಅಲ್ಲ. "ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ" ಅಂತ ಫಾರ್ಮಿನಲ್ಲಿದ್ದರೆ ಪಕ್ಕದಲ್ಲಿ "ಕಡ್ಡಾಯವಲ್ಲ" ಅಂತ ಸ್ಪ್ಯಾನಿಷ್‌ನಲ್ಲೂ ಇರಬೇಕು.

ಭಯ ಸುಮ್ಮನೆ ಹುಟ್ಟಿದ್ದಲ್ಲ. ಶಾಲೆ, ಆಸ್ಪತ್ರೆ, ಚರ್ಚುಗಳ ಹತ್ತಿರ ವಲಸೆ ಅಧಿಕಾರಿಗಳು ಕಾರ್ಯಾಚರಣೆ ಮಾಡದಂತೆ ತಡೆಯುತ್ತಿದ್ದ ಹಳೆಯ ನೀತಿ 2025ರ ಜನವರಿಯಲ್ಲಿ ರದ್ದಾಯಿತು. ಒಳಗೆ ಬರಲು ಡ್ರೈವಿಂಗ್ ಲೈಸನ್ಸ್ ಸ್ಕ್ಯಾನ್ ಮಾಡಿಸಬೇಕು ಅಂದರೆ ಎಷ್ಟೋ ಅಪ್ಪಂದಿರು ಪಾರ್ಕಿಂಗ್‌ನಲ್ಲೇ ನಿಲ್ಲುತ್ತಾರೆ. ಟೆಕ್ಸಸ್‌ನಂಥ ರಾಜ್ಯದಲ್ಲಿ ದಾಖಲೆ ಇಲ್ಲದವರಿಗೆ ಲೈಸನ್ಸ್ ಸಿಗುವುದೇ ಇಲ್ಲ. ಪಾಸ್‌ಪೋರ್ಟ್ ಅಥವಾ ಮೆಕ್ಸಿಕೊ ಕಾನ್ಸುಲೇಟ್ ಕೊಡುವ ಗುರುತಿನ ಚೀಟಿ ನಡೆಯುತ್ತದಾ ಅಂತ ಪ್ರಿನ್ಸಿಪಾಲರನ್ನು ಮೊದಲೇ ಕೇಳಿಟ್ಟುಕೊಳ್ಳಿ. ನಡೆಯುವುದಾದರೆ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ. ಗೊತ್ತಿಲ್ಲದ ಕಾನೂನು ಸಲಹೆ ಮಾತ್ರ ಕೊಡಬೇಡಿ. ಒಳ್ಳೇ ಮನಸ್ಸಿನಿಂದ ಹೇಳಿದ ತಪ್ಪು ಮಾತಿಗೂ ಮನೆ ಮುರಿಯುವ ಶಕ್ತಿ ಇದೆ.

ಮೂರನೆಯದು ಮಾತಿನ ಮರ್ಯಾದೆ. ಸ್ಪ್ಯಾನಿಷ್‌ನಲ್ಲಿ "ತು" ಅಂದರೆ ನೀನು, "ಉಸ್ತೆದ್" ಅಂದರೆ ನೀವು. ಆ್ಯಪ್‌ನಲ್ಲಿ ನಾಲ್ಕು ಪಾಠ ಕಲಿತವರು ಅಜ್ಜಿಯನ್ನೂ "ತು" ಅಂದುಬಿಡುತ್ತಾರೆ. ನಮ್ಮ ಅಜ್ಜಿಯನ್ನು ಯಾರೋ ಹುಡುಗ "ಏನಮ್ಮ, ಹೇಗಿದ್ದೀಯ" ಅಂದರೆ ಹೇಗಿರುತ್ತದೆ? ಹಾಗೇ. "ಬ್ವೆನೋಸ್ ದಿಯಾಸ್, ಕೋಮೊ ಎಸ್ತಾ ಉಸ್ತೆದ್" ಅಂತ ಎದ್ದು ನಿಂತು ಹೇಳಿ. ಉಚ್ಚಾರ ಕೆಟ್ಟರೂ ಪರವಾಗಿಲ್ಲ. ಕನ್ನಡದವರಿಗೆ ಇದರಲ್ಲಿ ಒಂದು ಲಾಭವೂ ಇದೆ. ತ, ದ ಎರಡೂ ನಮ್ಮ ತ, ದ ತರಾನೇ ಹಲ್ಲಿಗೆ ತಾಗುತ್ತವೆ. ಇಂಗ್ಲಿಷಿನವರಿಗಿಂತ ನಾವೇ ಚೆನ್ನಾಗಿ ಹೇಳುತ್ತೇವೆ.

ಹೆಜ್ಜೆ 3: "ಎದುಕಸ್ಯೋನ್" ಅಂದರೆ ಎಜುಕೇಶನ್ ಅಲ್ಲ

ಈ ಒಂದು ಪದ ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. "ಬ್ಯೆನ್ ಎದುಕಾದೊ" ಅಂದರೆ ಚೆನ್ನಾಗಿ ಓದಿದವನು ಅಂತಲ್ಲ. ಸಂಸ್ಕಾರ ಇರುವವನು, ಹಿರಿಯರಿಗೆ ತಗ್ಗಿ ನಡೆಯುವವನು ಅಂತ. ನಮ್ಮಲ್ಲಿ "ಮನೆಯಲ್ಲಿ ಚೆನ್ನಾಗಿ ಬೆಳೆಸಿದ್ದಾರೆ" ಅನ್ನುತ್ತೇವಲ್ಲ, ಅದು. ಈ ಮನೆಗಳ ಲೆಕ್ಕದಲ್ಲಿ ಕೆಲಸ ಹಂಚಿಕೆ ಆಗಿಬಿಟ್ಟಿದೆ. ಮಗುವಿಗೆ ನಡತೆ ಕಲಿಸುವುದು ನಮ್ಮ ಪಾಲು, ಅಕ್ಷರ ಕಲಿಸುವುದು ಟೀಚರ್ ಪಾಲು. ಟೀಚರ್ ಕೆಲಸದಲ್ಲಿ ತಲೆ ಹಾಕಿದರೆ ಅವರಿಗೆ ಅವಮಾನ ಮಾಡಿದ ಹಾಗೆ. ಅದಕ್ಕೇ ಅವರು ಪ್ರಶ್ನೆ ಕೇಳುವುದಿಲ್ಲ. ಅಮೆರಿಕದ ಶಾಲೆಗೆ ಈ ಮೌನ ನಿರಾಸಕ್ತಿಯಾಗಿ ಕಾಣುತ್ತದೆ. ನಮ್ಮ ಹಳ್ಳಿ ಕಡೆ ಅಪ್ಪಂದಿರು ಮೇಷ್ಟ್ರ ಹತ್ತಿರ "ಚರ್ಮ ನಿಮ್ಮದು, ಮೂಳೆ ನಮ್ಮದು" ಅಂತ ಹೇಳಿ ಬರುತ್ತಿದ್ದ ಕಾಲ ನೆನಪಿರುವವರಿಗೆ ಇದು ಹೊಸದಲ್ಲ.

ಹಾಗಾಗಿ ಮೊದಲ ಭೇಟಿಯಲ್ಲಿ "ನೀವು ಮನೆಯಲ್ಲಿ ಓದಿಸುತ್ತೀರಾ?" ಅಂತ ಕೇಳಬೇಡಿ. ಅದು ಪರೀಕ್ಷೆ. ಮಗು ತರಗತಿಯಲ್ಲಿ ಯಾರಿಗೋ ಪೆನ್ಸಿಲ್ ಕೊಟ್ಟಿದ್ದು, ಬಿದ್ದವನನ್ನು ಎತ್ತಿದ್ದು, ಅಂಥ ಒಂದು ಸಂಗತಿಯಿಂದ ಶುರು ಮಾಡಿ. ತಾಯಿಯ ಮುಖ ಅರಳುವುದು ಆಗಲೇ. ಆಮೇಲೆ ಕೇಳಿ: "ನಿಮ್ಮ ಮಗು ಮುಂದೆ ಏನಾಗಬೇಕು ಅಂತ ಆಸೆ?"

ಆಗುವುದಾದರೆ ಮನೆಗೇ ಹೋಗಿ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ 1998ರಲ್ಲಿ ಶುರುವಾದ ಒಂದು ಪದ್ಧತಿ ಈಗ ಅಮೆರಿಕದ ಎಷ್ಟೋ ಕಡೆ ಹರಡಿದೆ. ಟೀಚರ್ ಒಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತಾರೆ. ಮೊದಲೇ ಕೇಳಿ, ಅವರು ಒಪ್ಪಿದರೆ ಮಾತ್ರ. ತುಂಟ ಮಕ್ಕಳ ಮನೆಗಷ್ಟೇ ಅಲ್ಲ, ಎಲ್ಲ ತರದ ಮಕ್ಕಳ ಮನೆಗೂ. ಕೈಯಲ್ಲಿ ಫಾರ್ಮು, ಪೆನ್ನು ಇರಬಾರದು. ಭಯ ಇರುವ ಕಾಲದಲ್ಲಿ ಮನೆ ಬೇಡ ಅಂದರೆ ಪಾರ್ಕು, ಚರ್ಚಿನ ಹಾಲು, ಲೈಬ್ರರಿ ಯಾವುದಾದರೂ ಸರಿ. ಕೊಟ್ಟ ತಿಂಡಿ ತಿನ್ನಿ. "ಡಯಟ್" ಅನ್ನಬೇಡಿ! ಸಸ್ಯಾಹಾರಿಗಳಾದರೆ ಹಂದಿ ಕೊಬ್ಬಿನ ಪ್ರಶ್ನೆ ಬರುತ್ತದೆ, ಅದನ್ನು ನಗುತ್ತಾ ಮೊದಲೇ ಹೇಳಿಬಿಡಿ. ಅರ್ಥ ಮಾಡಿಕೊಳ್ಳುತ್ತಾರೆ.

ಹೋದಾಗ ಕಣ್ಣು ಬಿಟ್ಟು ನೋಡಿ. ಅರಿಜೋನಾದ ಟ್ಯೂಸಾನ್‌ನಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು ಟೀಚರ್‌ಗಳನ್ನು ಕಲಿಸಲು ಅಲ್ಲ, ಕಲಿಯಲು ಮನೆಗಳಿಗೆ ಕಳಿಸಿದರು. ಕೃಷಿ, ಗಣಿ, ಕಟ್ಟಡ, ನಾಟಿ ಔಷಧಿ, ವ್ಯಾಪಾರ, ಹೀಗೆ ಪ್ರತಿ ಮನೆಯಲ್ಲೂ ಒಂದೊಂದು ತಿಳುವಳಿಕೆಯ ಗಂಟು ಸಿಕ್ಕಿತು. ಅದಕ್ಕೆ ಅವರು ಇಟ್ಟ ಹೆಸರು "ಅರಿವಿನ ನಿಧಿ". 1992ರಲ್ಲಿ ಅವರು ಪ್ರಕಟಿಸಿದ ಬರಹದಲ್ಲಿ ಒಬ್ಬ ಹುಡುಗನ ಸಂಗತಿ ಬರುತ್ತದೆ. ಅವನು ಮೆಕ್ಸಿಕೊದ ಮಿಠಾಯಿ ಮಾರುತ್ತಾನೆ ಅಂತ ಟೀಚರ್‌ಗೆ ಗೊತ್ತಾಯಿತು. ಇಡೀ ತರಗತಿ ಮಿಠಾಯಿಯನ್ನೇ ಪಾಠ ಮಾಡಿಕೊಂಡಿತು. ಅದರಲ್ಲಿ ಏನೇನು ಹಾಕುತ್ತಾರೆ, ಎಲ್ಲಿ ಮಾಡುತ್ತಾರೆ, ಯಾರು ಕೊಳ್ಳುತ್ತಾರೆ. ಒಬ್ಬ ತಾಯಿ ತರಗತಿಗೇ ಬಂದು ಮಿಠಾಯಿ ಮಾಡಿ ತೋರಿಸಿದರು. ಅವತ್ತು ಆ ತಾಯಿಯೇ ಟೀಚರ್.

ಹೆಜ್ಜೆ 4: ಮಗುವನ್ನು ದುಭಾಷಿ ಮಾಡಬೇಡಿ

ಮಗ ತನ್ನ ಬಗ್ಗೆಯ ದೂರನ್ನು ತಾನೇ ಅನುವಾದ ಮಾಡಿದರೆ ಏನಾಗುತ್ತದೆ? "ಟೀಚರ್ ನಾನು ತುಂಬಾ ಒಳ್ಳೆಯವನು ಅಂತಿದ್ದಾರೆ." ನಗು ಬರುತ್ತದೆ, ನಿಜ. ಆದರೆ ಮನೆಯಲ್ಲಿ ಅಮ್ಮನ ಸ್ಥಾನ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ತರಬೇತಾದ ದುಭಾಷಿಯನ್ನು ಕೇಳಿ ಪಡೆಯಿರಿ. 1964ರ ನಾಗರಿಕ ಹಕ್ಕುಗಳ ಕಾಯ್ದೆ, ಇಂಗ್ಲಿಷ್ ಬಾರದ ಮಕ್ಕಳಿಗೆ ಶಾಲೆ ನೆರವಾಗಬೇಕು ಅಂದ 1974ರ ಲಾವ್ ವಿರುದ್ಧ ನಿಕೋಲ್ಸ್ ತೀರ್ಪು ಎರಡೂ ಇದರ ಬೆನ್ನಿಗಿವೆ. ವಿಶೇಷ ಅಗತ್ಯದ ಮಗುವಿನ ಯೋಜನೆಯ ಸಭೆಗಂತೂ ದುಭಾಷಿ ಬೇಕೇ ಬೇಕು. ದುಭಾಷಿ ಪಕ್ಕದಲ್ಲಿದ್ದರೂ ನೀವು ನೋಡಬೇಕಾದ್ದು ತಾಯಿಯ ಮುಖವನ್ನು.

ಮೊಬೈಲ್ ಅನುವಾದ ಪುಟ್ಟ ಸುದ್ದಿಗೆ ಸಾಕು. "ನಾಳೆ ರಜೆ", "ಸ್ವೆಟರ್ ಮರೆತಿದ್ದಾಳೆ" ಇಂಥದ್ದಕ್ಕೆ. ಟಾಕಿಂಗ್‌ಪಾಯಿಂಟ್ಸ್, ಕ್ಲಾಸ್‌ಡೋಜೊ ತರದ ಆ್ಯಪ್‌ಗಳಲ್ಲಿ ನೀವು ಇಂಗ್ಲಿಷಿನಲ್ಲಿ ಬರೆದರೆ ಅವರಿಗೆ ಸ್ಪ್ಯಾನಿಷ್‌ನಲ್ಲಿ ಹೋಗುತ್ತದೆ. ಅವರ ಉತ್ತರ ತಿರುಗಿ ಇಂಗ್ಲಿಷಿನಲ್ಲಿ ಬರುತ್ತದೆ. ವಾಟ್ಸಾಪ್ ಅಂತೂ ಈ ಮನೆಗಳಲ್ಲಿ ಇದ್ದೇ ಇರುತ್ತದೆ. ಬರೆದ ಚೀಟಿಗಿಂತ ಮೂವತ್ತು ಸೆಕೆಂಡಿನ ಧ್ವನಿ ಸಂದೇಶ ಜಾಸ್ತಿ ಕೆಲಸ ಮಾಡುತ್ತದೆ. ಓದಲು ಬಾರದವರಿಗೂ ತಲುಪುತ್ತದೆ, ಅವರಿಗೆ ಮುಜುಗರವೂ ಆಗುವುದಿಲ್ಲ.

ಆದರೆ ಪದಗಳ ಗುಂಡಿಗಳಿವೆ, ನೋಡಿಕೊಂಡು ಕಾಲಿಡಿ. "ಕೊಲೇಹ್ಯೊ" ಅಂದರೆ ಕಾಲೇಜಲ್ಲ, ಶಾಲೆ. "ನಿಮ್ಮ ಮಗಳನ್ನು ಕಾಲೇಜಿಗೆ ಕಳಿಸುತ್ತೀರಾ?" ಅಂದಾಗ "ಈಗಾಗಲೇ ಬರುತ್ತಿದ್ದಾಳಲ್ಲ" ಅಂತ ತಾಯಿ ಕಕ್ಕಾಬಿಕ್ಕಿಯಾದರೆ ತಪ್ಪು ಅವರದ್ದಲ್ಲ. "ಲಿಬ್ರೆರಿಯಾ" ಅಂದರೆ ಪುಸ್ತಕದ ಅಂಗಡಿ. ಲೈಬ್ರರಿಗೆ "ಬಿಬ್ಲಿಯೊತೇಕ" ಅನ್ನಬೇಕು. ಇಲ್ಲವಾದರೆ ದುಡ್ಡು ಕೊಡಬೇಕೇನೋ ಅಂತ ಜನ ಆ ಕಡೆ ತಲೆ ಹಾಕುವುದಿಲ್ಲ. "ಪರ್ಯೆಂತೆಸ್" ಅಂದರೆ ಪೇರೆಂಟ್ಸ್ ಅಲ್ಲ, ನೆಂಟರು. ತಂದೆತಾಯಿಗೆ "ಪಾದ್ರೆಸ್".

ಹೆಜ್ಜೆ 5: ಸಭೆಯನ್ನು ಸಭೆಯಂತೆ ಮಾಡಬೇಡಿ

ಸಂಜೆ ಆರು ಗಂಟೆ ಯಾರಿಗೆ ಅನುಕೂಲ? ಆಫೀಸಿನಿಂದ ಬರುವವರಿಗೆ. ರಾತ್ರಿ ಪಾಳಿಯಲ್ಲಿ ಕಚೇರಿ ಗುಡಿಸುವ ತಾಯಿ ಆ ಹೊತ್ತಿಗೆ ಕೆಲಸಕ್ಕೆ ಹೊರಡುತ್ತಿರುತ್ತಾರೆ. ಬೆಳಗ್ಗೆ ಮಕ್ಕಳನ್ನು ಬಿಟ್ಟ ತಕ್ಷಣ ಅಲ್ಲೇ ಒಂದು "ಕಫೆಸೀತೊ" ಇಡಿ. ಪುಟ್ಟ ಕಾಫಿ ಅಂತ ಅರ್ಥ. ಅರ್ಧ ಗಂಟೆ ಸಾಕು. ಪ್ರಿನ್ಸಿಪಾಲರು ಕಾಫಿ ಲೋಟ ಹಿಡಿದು ಜನರ ಮಧ್ಯೆ ನಿಲ್ಲಬೇಕು, ವೇದಿಕೆ ಬೇಡ. ಚಿಪ್ಪಿನ ಆಕಾರದ ಸಕ್ಕರೆ ಹೊದಿಕೆಯ "ಕೊಂಚಾ" ಬನ್ನು ಹತ್ತಿರದ ಮೆಕ್ಸಿಕನ್ ಬೇಕರಿಯಿಂದ ತನ್ನಿ. ಅದರ ಅಂಗಡಿಯವರೂ ಒಬ್ಬ ಪೋಷಕರೇ ಆಗಿರಬಹುದು.

ಚಿಕ್ಕ ಮಕ್ಕಳನ್ನು, ಅಜ್ಜಿಯನ್ನು ಕರೆತರಲು ಹೇಳಿ. "ಮಕ್ಕಳಿಗೆ ಪ್ರವೇಶವಿಲ್ಲ" ಅಂತ ಬರೆದರೆ ತಾಯಿಗೂ ಪ್ರವೇಶ ಇಲ್ಲ ಅಂತಲೇ ಅರ್ಥ.

ಕ್ಯಾಲೆಂಡರ್ ನೋಡಿ. ಡಿಸೆಂಬರ್ 12 ಗ್ವಾದಲೂಪೆ ಮಾತೆಯ ದಿನ, 16ರಿಂದ 24ರವರೆಗೆ ಪೊಸಾದಾಸ್ ಅನ್ನೋ ಕ್ರಿಸ್ಮಸ್ ಮೆರವಣಿಗೆಗಳು, ಜನವರಿ 6ಕ್ಕೆ ಮೂವರು ರಾಜರ ಹಬ್ಬ. ಈ ಹೊತ್ತಿನಲ್ಲಿ ಎಷ್ಟೋ ಮನೆಯವರು ಊರಿಗೆ ಹೋಗಿರುತ್ತಾರೆ. ಗಾಡಿಯಲ್ಲಿ ಓದಲು ಎರಡು ಪುಸ್ತಕ ಮೊದಲೇ ಕಟ್ಟಿಡಿ, ಗೈರುಹಾಜರಿಯ ಗೊಣಗಾಟ ಆಮೇಲೆ ಇದ್ದೇ ಇದೆ. ಹೊಲದ ಕೆಲಸದವರಾದರೆ ಇನ್ನೊಂದು ಲೆಕ್ಕ. ಕ್ಯಾಲಿಫೋರ್ನಿಯಾದ ಸಲೀನಸ್ ಕಣಿವೆಯ ಲೆಟ್ಯೂಸ್ ಕೊಯ್ಲು ಚಳಿಗಾಲಕ್ಕೆ ಅರಿಜೋನಾದ ಯೂಮಾ ಕಡೆ ಸರಿಯುತ್ತದೆ. ಜನರೂ ಅದರ ಹಿಂದೆ ಹೋಗುತ್ತಾರೆ. ಅಂಥ ಮಕ್ಕಳಿಗಾಗಿ ಕೇಂದ್ರ ಸರ್ಕಾರದ ವಲಸೆ ಶಿಕ್ಷಣ ಕಾರ್ಯಕ್ರಮ ಇದೆ. ಶಾಲಾ ಜಿಲ್ಲೆಯ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಕಚೇರಿಯಲ್ಲಿ ಅದನ್ನು ನೋಡಿಕೊಳ್ಳುವವರ ನಂಬರ್ ಇಟ್ಟುಕೊಳ್ಳಿ. ಮೆಕ್ಸಿಕೊದಲ್ಲಿ ಏಪ್ರಿಲ್ 30 ಮಕ್ಕಳ ದಿನ. 1996ರಲ್ಲಿ ಲೇಖಕಿ ಪ್ಯಾಟ್ ಮೋರಾ ಆ ದಿನಕ್ಕೆ ಪುಸ್ತಕವನ್ನೂ ಸೇರಿಸಬೇಕು ಅಂದರು. ಈಗ ಅಮೆರಿಕದ ಲೈಬ್ರರಿಗಳಲ್ಲಿ ಅದು ಹಬ್ಬ. ಮೇ 10 ತಾಯಂದಿರ ದಿನ. ವಾರದ ಯಾವ ದಿನ ಬಂದರೂ ಅದೇ ತಾರೀಖು. ವರ್ಷದಲ್ಲಿ ಒಂದೇ ಕಾರ್ಯಕ್ರಮ ಮಾಡುವ ಶಕ್ತಿ ಇದ್ದರೆ ಅವತ್ತು ಮಾಡಿ.

ಓದಿನ ರಾತ್ರಿ ಅಂತ ಮಾಡುವುದಾದರೆ ಭಾಷಣದ ಬದಲು "ಲೊತೆರಿಯಾ" ಆಡಿಸಿ. ನಮ್ಮ ಹೌಸಿ ತರಾನೇ, ಆದರೆ ಸಂಖ್ಯೆ ಬದಲು ಚಿತ್ರ. 54 ಕಾರ್ಡು. ಹುಂಜ, ಸೂರ್ಯ, ಚಂದ್ರ, ಹೃದಯ, ಪಾಪಾಸುಕಳ್ಳಿ. ಕೂಗುವವನು ಹೆಸರನ್ನು ನೇರವಾಗಿ ಹೇಳುವುದಿಲ್ಲ. ಒಗಟಿನ ತರ ಒಂದು ಸಾಲು ಹೇಳುತ್ತಾನೆ. ಜನ ಕಾಳು ಇಡುತ್ತಾರೆ. ನಾವು ಮಾಡಿದಾಗ ಕೂಗುವ ಕೆಲಸವನ್ನು ಒಬ್ಬ ಅಜ್ಜನಿಗೆ ಕೊಟ್ಟೆವು. ಶಾಲೆಯಲ್ಲಿ ಯಾವತ್ತೂ ಬಾಯಿ ಬಿಡದವರು. ಹುಂಜದ ಕಾರ್ಡು ಎತ್ತಿ ಹುಂಜದ ಹಾಗೇ ಕೂಗಿದರು. ಎರಡನೇ ತರಗತಿಯ ಅವರ ಮೊಮ್ಮಗ ನಾಚಿಕೆಯಿಂದ ಮೇಜಿನ ಕೆಳಗೆ ಕೂತ. ಐದು ನಿಮಿಷದ ನಂತರ ಅವನೇ ಒಗಟು ಕಟ್ಟಿ ಅಜ್ಜನ ಕಿವಿಯಲ್ಲಿ ಹೇಳುತ್ತಿದ್ದ. ಚಿತ್ರದ ಕೆಳಗೆ ಹೆಸರು ಬರೆದಿರುತ್ತದೆ. ಆಟ ಮುಗಿಯುವ ಹೊತ್ತಿಗೆ ಮಗು ಹದಿನೈದು ಪದ ಓದಿರುತ್ತದೆ, ಅದಕ್ಕೇ ಗೊತ್ತಿಲ್ಲದ ಹಾಗೆ.

ಹೆಜ್ಜೆ 6: ಮನೆಯಲ್ಲಿ ಸ್ಪ್ಯಾನಿಷ್ ಬಿಡಬೇಡಿ ಅಂತ ಬಾಯಿಬಿಟ್ಟು ಹೇಳಿ

"ಮನೆಯಲ್ಲಿ ಇಂಗ್ಲಿಷ್ ಮಾತಾಡಿ" ಅನ್ನೋ ಸಲಹೆಯನ್ನು ನಮ್ಮ ಎಷ್ಟೋ ಕನ್ನಡ ಮನೆಗಳೂ ಕೇಳಿವೆ. ಪಾಲಿಸಿವೆ ಕೂಡ. ಆಮೇಲೆ ವಾರಾಂತ್ಯದ ಕನ್ನಡ ತರಗತಿಗೆ ಮಕ್ಕಳನ್ನು ಹೊತ್ತು ಓಡಾಡುತ್ತಿದ್ದೇವೆ. ಅದೇ ತಪ್ಪನ್ನು ಇನ್ನೊಬ್ಬರಿಂದ ಮಾಡಿಸುವುದು ಬೇಡ. ಅರೆಬರೆ ಇಂಗ್ಲಿಷಿನಲ್ಲಿ ಮೂರು ಪದ ಹೇಳುವ ತಾಯಿ ಸ್ಪ್ಯಾನಿಷ್‌ನಲ್ಲಿ ಮೂವತ್ತು ವಾಕ್ಯದ ಕಥೆ ಹೇಳಬಲ್ಲರು. ಮಗುವಿಗೆ ಬೇಕಾದದ್ದು ಆ ಮೂವತ್ತು.

ಒಂದು ಭಾಷೆಯಲ್ಲಿ ಓದಲು ಕಲಿತ ಮಗು ಎರಡನೆಯದಕ್ಕೆ ಮೊದಲಿನಿಂದ ಶುರು ಮಾಡುವುದಿಲ್ಲ. ಅಕ್ಷರಕ್ಕೂ ಸದ್ದಿಗೂ ನಂಟಿದೆ ಅಂತ ಒಂದು ಸಲ ಹೊಳೆದರೆ ಸಾಕು. ಇನ್ನೊಂದು ಅನುಕೂಲ ಇದೆ. ಇಂಗ್ಲಿಷಿನ ಪಾಠದ ಪದಗಳಲ್ಲಿ ಎಷ್ಟೋ ಲ್ಯಾಟಿನ್‌ನಿಂದ ಬಂದವು. ಅಬ್ಸರ್ವ್‌ಗೆ "ಒಬ್ಸೆರ್ವಾರ್", ಕಂಪೇರ್‌ಗೆ "ಕೊಂಪರಾರ್", ಪ್ಲಾನೆಟ್‌ಗೆ "ಪ್ಲನೇತ". ವಿಜ್ಞಾನದ ಪಾಠದಲ್ಲಿ ಈ ಮಗು ಒಂದು ಹೆಜ್ಜೆ ಮುಂದಿರಬಹುದು, ಯಾರಾದರೂ ತೋರಿಸಿಕೊಟ್ಟರೆ.

ದ್ವಿಭಾಷಾ ತರಗತಿ ಇದ್ದರೆ ಅದರ ಬಗ್ಗೆ ಸರಿಯಾಗಿ ಹೇಳಿ. ಟೆಕ್ಸಸ್ ಕಾನೂನಿನ ಪ್ರಕಾರ ಶಾಲಾ ಜಿಲ್ಲೆಯ ಒಂದೇ ತರಗತಿಯ ಮಟ್ಟದಲ್ಲಿ ಒಂದೇ ಭಾಷೆಯ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು 20 ಅಥವಾ ಜಾಸ್ತಿ ಇದ್ದರೆ ದ್ವಿಭಾಷಾ ವ್ಯವಸ್ಥೆ ಮಾಡಬೇಕು. ಬೇಡ ಅನ್ನುವ ಹಕ್ಕು ಪೋಷಕರಿಗಿದೆ. ಇಂಗ್ಲಿಷ್ ಬೇಗ ಬರಲಿ ಅಂತ ಎಷ್ಟೋ ಜನ ಸಹಿ ಹಾಕಿ ಬೇಡ ಅನ್ನುತ್ತಾರೆ. ಸಹಿಗೆ ಮುಂಚೆ ಒಂದು ದಿನ ಆ ತರಗತಿಯಲ್ಲಿ ಕೂತು ನೋಡಲು ಕರೆಯಿರಿ. ಕ್ಯಾಲಿಫೋರ್ನಿಯಾ 1998ರಲ್ಲಿ ಮತ ಹಾಕಿ ದ್ವಿಭಾಷಾ ಕಲಿಕೆಯನ್ನು ಹೆಚ್ಚುಕಡಿಮೆ ನಿಲ್ಲಿಸಿತ್ತು. 2016ರಲ್ಲಿ ಅದೇ ಜನ ಮತ ಹಾಕಿ ವಾಪಸ್ ತಂದರು.

ಹೆಜ್ಜೆ 7: ಮನೆಯ ಓದು ಹೇಗಿರಬೇಕು ಅಂತ ಮಾಡಿ ತೋರಿಸಿ

"ದಿನಕ್ಕೆ 20 ನಿಮಿಷ ಓದಿ" ಅಂತ ಚೀಟಿ ಕಳಿಸುವುದು ಸುಲಭ. ಏನು ಓದಬೇಕು? ಹೇಗೆ? ಓದಲು ಬಾರದಿದ್ದರೆ?

ಮಾತೇ ಇಲ್ಲದ ಚಿತ್ರಪುಸ್ತಕದಿಂದ ಶುರು ಮಾಡಿ. ಬರೀ ಚಿತ್ರ, ಅಕ್ಷರ ಒಂದೂ ಇಲ್ಲ. ಯಾವ ಭಾಷೆಯಲ್ಲಾದರೂ ಓದಬಹುದು, ಮಾಮ್‌ನಲ್ಲೂ. ತಾಯಂದಿರ ಎದುರು ನೀವೇ ಒಂದು ಮಗುವಿನ ಜೊತೆ ಮಾಡಿ ತೋರಿಸಿ. ಮೊದಲು ಚಿತ್ರಕ್ಕೆ ಬೆರಳಿಟ್ಟು "ಇದೇನು?" ಅಂತ ಕೇಳಿ. ಮಗು "ನಾಯಿ" ಅಂದರೆ ಅಲ್ಲಿಗೆ ಬಿಡಬೇಡಿ. "ಹೌದು, ಒದ್ದೆಯಾದ ನಾಯಿ. ಯಾಕೆ ಒದ್ದೆಯಾಗಿದೆ?" ಅಂತ ಒಂದು ಎಳೆ ಸೇರಿಸಿ. ಮಗು ಅದನ್ನು ಮತ್ತೆ ಹೇಳಲಿ. ಆಮೇಲೆ "ನಮ್ಮ ಊರಲ್ಲಿ ಅಜ್ಜನ ಮನೆಯಲ್ಲಿ ಇಂಥ ನಾಯಿ ಇತ್ತಲ್ಲ?" ಅಂತ ಮನೆ ಕಡೆ ತಿರುಗಿಸಿ. ಪುಟಕ್ಕೆ ಒಂದು ಪ್ರಶ್ನೆ ಸಾಕು, ಪೊಲೀಸ್ ವಿಚಾರಣೆ ಆಗಬಾರದು.

ಈಗ ಅಕ್ಷರದ ವಿಷಯ. ಒಬ್ಬ ಟೀಚರ್ ನನ್ನ ಹತ್ತಿರ "ಆ ತಾಯಿ ಮನೆಯಲ್ಲಿ ಏನೋ ತಪ್ಪು ಪಾಠ ಹೇಳಿಕೊಡುತ್ತಿದ್ದಾರೆ" ಅಂದರು. ಹೋಗಿ ಕೇಳಿದೆ. ತಾಯಿ ಬೆರಳಿಟ್ಟು ಹೇಳಿಸುತ್ತಿದ್ದರು: ಮ, ಮೆ, ಮಿ, ಮೊ, ಮು. ಸ, ಸೆ, ಸಿ, ಸೊ, ಸು. ನನಗೆ ನಗು ತಡೆಯಲಾಗಲಿಲ್ಲ. ಕಾಗುಣಿತ! ಸ್ಪ್ಯಾನಿಷ್ ಮಾತಾಡುವ ದೇಶಗಳಲ್ಲಿ ತಲೆಮಾರುಗಳಿಂದ ಹೀಗೆ ಕಲಿಸುತ್ತಾ ಬಂದಿದ್ದಾರೆ. ನಮ್ಮ "ಬಸವನು ಬಸಳೆ ಬೆಳೆದನು" ಇದ್ದ ಹಾಗೆ ಅವರಿಗೆ "ಮಿ ಮಮಾ ಮೆ ಮೀಮ" ಇದೆ, ನನ್ನಮ್ಮ ನನ್ನನ್ನು ಮುದ್ದಿಸುತ್ತಾಳೆ ಅಂತ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರ, ಒಂದೊಂದಕ್ಕೂ ಒಂದೇ ಸದ್ದು. ಹೆಚ್ಚುಕಡಿಮೆ ಬರೆದಂತೆ ಓದುವುದು, ಕನ್ನಡದ ಹಾಗೆ. ಈ ಪದ್ಧತಿಯನ್ನು ನಿಲ್ಲಿಸಬೇಡಿ. ಇಂಗ್ಲಿಷ್‌ಗೆ ಬಂದಾಗ ಎಲ್ಲಿ ಎಡವುತ್ತಾರೆ ಅಂತ ಮಾತ್ರ ಹೇಳಿಕೊಡಿ. ಸ್ಪ್ಯಾನಿಷ್‌ನಲ್ಲಿ ಎಚ್ ಅಕ್ಷರಕ್ಕೆ ಸದ್ದೇ ಇಲ್ಲ, "ಹ" ತರದ ಸದ್ದು ಜೆ ಅಕ್ಷರದ್ದು. ಅದಕ್ಕೇ ಮಗು "ಹೌಸ್" ಅಂತ ಬರೆಯಲು ಜೆಯಿಂದ ಶುರು ಮಾಡುತ್ತದೆ. ಇಂಗ್ಲಿಷಿನ "ಇ" ಅಕ್ಷರದ ಹೆಸರು ಸ್ಪ್ಯಾನಿಷ್ ಕಿವಿಗೆ "ಐ" ಅಕ್ಷರದ ಸದ್ದಾಗಿ ಕೇಳುತ್ತದೆ. ಇದು ದಡ್ಡತನ ಅಲ್ಲ. ಮಗು ಒಂದು ನಿಯಮವನ್ನು ಸರಿಯಾಗಿ ಪಾಲಿಸುತ್ತಿದೆ, ಬೇರೆ ಭಾಷೆಯದ್ದನ್ನು ಅಷ್ಟೇ.

ಇನ್ನೊಂದು ಕೆಲಸ ಮಾಡಿ, ಖರ್ಚಿಲ್ಲ. ಊರಲ್ಲಿರುವ ಅಜ್ಜಿಗೆ ವಾಟ್ಸಾಪ್‌ನಲ್ಲಿ ಒಂದು ಕಥೆ ಹೇಳಲು ಹೇಳಿ. ಮಗು ಅದನ್ನು ಎರಡು ಸಲ ಕೇಳಿ ನಾಲ್ಕು ಚಿತ್ರ ಬರೆಯಲಿ. ಚಿತ್ರದ ಕೆಳಗೆ ಮಗು ಹೇಳಿದ್ದನ್ನು ದೊಡ್ಡವರು ಸ್ಪ್ಯಾನಿಷ್‌ನಲ್ಲಿ ಬರೆಯಲಿ. ಅಣ್ಣನೋ ಅಕ್ಕನೋ ಇಂಗ್ಲಿಷಿನಲ್ಲಿ ಬರೆಯಲಿ. ಹೊಲಿಗೆ ಹಾಕಿದರೆ ಪುಸ್ತಕ. ಇದನ್ನು ಶಾಲೆಯ ಲೈಬ್ರರಿಯ ಕಪಾಟಿನಲ್ಲಿ, ಬಾರ್‌ಕೋಡ್ ಅಂಟಿಸಿ ಇಡಿ. ಬಾರ್‌ಕೋಡ್ ಮುಖ್ಯ, ಸುಮ್ನೆ ಅಲ್ಲ. ಅದಿದ್ದರೆ ಬೇರೆ ಮಕ್ಕಳು ಮನೆಗೆ ಒಯ್ಯುತ್ತಾರೆ.

ಅಪ್ಪಂದಿರನ್ನು ಮರೆಯಬೇಡಿ. ಟೇಪು ಹಿಡಿದು ಮರ ಅಳೆಯುವುದು, ಅಡುಗೆಯ ಅಳತೆ, ಕಾರಿನ ರೇಡಿಯೊದಲ್ಲಿ ಬಂದ ಫುಟ್‌ಬಾಲ್ ಸುದ್ದಿಯನ್ನು ತಿರುಗಿ ಹೇಳಿಸುವುದು ಎಲ್ಲವೂ ಓದಿನ ಲೆಕ್ಕಕ್ಕೇ ಬರುತ್ತದೆ.

ಹೆಜ್ಜೆ 8: ರಿಪೋರ್ಟ್ ಕಾರ್ಡನ್ನು ಬಿಡಿಸಿ ಹೇಳಿ

ಮೆಕ್ಸಿಕೊದಲ್ಲಿ ಅಂಕ ಹತ್ತಕ್ಕೆ, ಪಾಸಾಗಲು 6 ಬೇಕು. ಅಮೆರಿಕದ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ 1ರಿಂದ 4ರವರೆಗೆ ಕೊಡುತ್ತಾರೆ. 3 ಬಂದರೆ ತರಗತಿಯ ಮಟ್ಟಕ್ಕೆ ಸರಿಯಾಗಿದೆ ಅಂತ. ಒಬ್ಬ ಹುಡುಗಿ ಎಲ್ಲದರಲ್ಲೂ 3 ತಂದು ಮನೆಯಲ್ಲಿ ಬೈಸಿಕೊಂಡಿದ್ದಳು, ಹತ್ತಕ್ಕೆ ಮೂರು ಅಂತ ತಿಳಿದು! ಕಾರ್ಡಿನ ಜೊತೆ ಒಂದೇ ಪುಟದ ಸ್ಪ್ಯಾನಿಷ್ ವಿವರಣೆ ಇಡಿ. ಮುಖಾಮುಖಿ ಸಿಕ್ಕಾಗ ಮಗು ಓದುತ್ತಿರುವ ಪುಸ್ತಕವನ್ನೂ ಈ ಹೊತ್ತಿಗೆ ಓದಬೇಕಾಗಿದ್ದ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಯಾವ ಅಂಕವೂ ಹೇಳದ್ದನ್ನು ಆ ಎರಡು ಪುಸ್ತಕ ಹೇಳುತ್ತವೆ. "ಪರವಾಗಿಲ್ಲ, ಚೆನ್ನಾಗಿದ್ದಾನೆ" ಅಂತ ಮಾತ್ರ ಸವರಿ ಕಳಿಸಬೇಡಿ. ಟೀಚರ್ ಮಾತನ್ನು ಅವರು ಪೂರ್ತಿ ನಂಬುತ್ತಾರೆ.

ಹೆಜ್ಜೆ 9: ದುಡ್ಡು ಎಲ್ಲಿದೆ, ಮಾತು ಯಾರದ್ದು

ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ ಕೇಂದ್ರದಿಂದ ಟೈಟಲ್ ಒನ್ ಹಣ ಬರುತ್ತದೆ. ವರ್ಷಕ್ಕೆ 5 ಲಕ್ಷ ಡಾಲರ್‌ಗಿಂತ ಜಾಸ್ತಿ ಪಡೆಯುವ ಶಾಲಾ ಜಿಲ್ಲೆ ಕನಿಷ್ಠ ಶೇ. 1ರಷ್ಟನ್ನು ಕುಟುಂಬಗಳನ್ನು ಒಳಗೊಳ್ಳುವ ಕೆಲಸಕ್ಕೆ ತೆಗೆದಿಡಬೇಕು. ಅದರಲ್ಲೂ ಶೇ. 90 ಶಾಲೆಗಳಿಗೇ ಹೋಗಬೇಕು. ದುಭಾಷಿ, ಮಕ್ಕಳನ್ನು ನೋಡಿಕೊಳ್ಳುವವರು, ಪುಸ್ತಕ ಎಲ್ಲ ಇದರಿಂದ ಆಗುತ್ತದೆ. ಹಣ ಹೇಗೆ ಖರ್ಚಾಗಬೇಕು ಅಂತ ಹೇಳುವ ಹಕ್ಕು ಪೋಷಕರಿಗಿದೆ. ಆದರೆ ಅದು ಅವರಿಗೆ ಗೊತ್ತಿರುವುದಿಲ್ಲ.

ಎಲ್ಲವನ್ನೂ ನೀವೇ ಕಟ್ಟಬೇಕಾಗಿಲ್ಲ. ಸ್ಯಾನ್ ಆಂಟೋನಿಯೊದಲ್ಲಿ 1973ರಲ್ಲಿ ಹುಟ್ಟಿದ ಅವಾನ್ಸೆ, ಸ್ಯಾನ್ ಡಿಯೇಗೊದಲ್ಲಿ 1987ರಲ್ಲಿ ಶುರುವಾದ ಪಿಐಕ್ಯೂಇ, ಲಾಸ್ ಏಂಜಲೀಸ್‌ನ ಅಬ್ರಿಯೆಂದೊ ಪುವೆರ್ತಾಸ್ ಅನ್ನೋ ಸಂಸ್ಥೆಗಳು ಇದೇ ಕೆಲಸ ಮಾಡುತ್ತಿವೆ. ಅವಾನ್ಸೆ ತರಗತಿಯಲ್ಲಿ ತಾಯಂದಿರು ಮನೆಯ ಸಾಮಾನಿನಿಂದ ಆಟಿಕೆ ಮಾಡಿ, ಅದರಿಂದಲೇ ಮಗುವಿಗೆ ಏನು ಕಲಿಸಬಹುದು ಅಂತ ನೋಡುತ್ತಾರೆ. ಅಬ್ರಿಯೆಂದೊದಲ್ಲಿ ಪಾಠಗಳನ್ನು ಗಾದೆಗಳ ಮೇಲೆ ಕಟ್ಟಿದ್ದಾರೆ.

ಗಾದೆ ಅಂದಾಗ ನೆನಪಾಯಿತು. ನಮ್ಮ ಕಫೆಸೀತೊದಲ್ಲಿ ಒಬ್ಬ ತಾಯಿ ಬಸ್ ನಿಲ್ದಾಣದ ಬಗ್ಗೆ ದೂರು ಹೇಳಲು ಹಿಂಜರಿಯುತ್ತಿದ್ದರು. ಪಕ್ಕದಲ್ಲಿದ್ದ ಅಜ್ಜಿ ಮೊಣಕೈಯಿಂದ ತಿವಿದು "ಎಲ್ ಕೆ ನೊ ಯೋರ ನೊ ಮಾಮ" ಅಂದರು. ಎಲ್ಲರೂ ನಕ್ಕರು. ಅರ್ಥ ಕೇಳಿ ನಾನು ಬೆರಗಾದೆ: ಅಳದಿದ್ದರೆ ಹಾಲಿಲ್ಲ. ಅಳದಿದ್ದರೆ ಅಮ್ಮನೂ ಹಾಲು ಕೊಡಲ್ಲ ಅಂತ ನಮ್ಮಮ್ಮ ಹೇಳುತ್ತಿದ್ದಳು! ನಾನು ಅದನ್ನು ಕನ್ನಡದಲ್ಲಿ ಹೇಳಿ ತೋರಿಸಿದೆ, ಅವರು ಮತ್ತೆ ಮತ್ತೆ ಹೇಳಿಸಿದರು. ಆ ತಾಯಿ ಮುಂದಿನ ತಿಂಗಳು ಶಾಲಾ ಮಂಡಳಿಯ ಮುಂದೆ ಎರಡು ನಿಮಿಷ ಸ್ಪ್ಯಾನಿಷ್‌ನಲ್ಲೇ ಮಾತಾಡಿದರು. ಅಂಥವರನ್ನು ಗುರುತಿಸಿ. ಮುಂದಿನ ವರ್ಷದ ಸಭೆ ಕರೆಯುವವರು ಅವರಾಗಲಿ, ಕುರ್ಚಿ ಹಾಕುವ ಕೆಲಸ ನಿಮಗಿರಲಿ.

ಹೆಜ್ಜೆ 10: ಬೇಸಿಗೆ ರಜೆಗೆ ಮುಂಚೆ

ಕೊನೆಯ ವಾರ ಲೈಬ್ರರಿಯವರನ್ನು ಶಾಲೆಯ ಗೇಟಿಗೇ ಕರೆಸಿ. ಬೆಳಗ್ಗೆ ಮಕ್ಕಳನ್ನು ಬಿಡುವ ಹೊತ್ತಿಗೆ ಒಂದು ಮೇಜು, ಒಂದು ಕಂಪ್ಯೂಟರ್ ಸಾಕು. ಕಾರ್ಡಿಗೆ ದುಡ್ಡಿಲ್ಲ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ತಡವಾದರೆ ದಂಡ ಇದೆಯಾ, ಯಾವ ಗುರುತಿನ ಚೀಟಿ ಬೇಕು ಅಂತ ಅವರಿಂದ ಮೊದಲೇ ತಿಳಿದುಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೊ, ಷಿಕಾಗೊ ಲೈಬ್ರರಿಗಳು 2019ರಲ್ಲೇ ದಂಡ ತೆಗೆದವು. ನಿಮ್ಮೂರಲ್ಲಿ ಇನ್ನೂ ಇದ್ದರೆ ಮುಚ್ಚಿಡಬೇಡಿ. ಮಗುವಿನ ಕೈಗೆ ಅವತ್ತೇ ಒಂದು ಪುಸ್ತಕ ಕೊಟ್ಟು ಕಳಿಸಿ. ಕಾರ್ಡಿನ ಮೇಲೆ ಹೆಸರು ಟೈಪ್ ಮಾಡುವವರ ಪಕ್ಕದಲ್ಲಿ ನಿಂತಿರಿ. ಎರಡೂ ಮನೆತನದ ಹೆಸರು ಹಾಕಿದ್ದಾರಾ ನೋಡಿ.